ಕ್ಯಾನ್ಸರ್ ಇದ್ದಾಗ ರಕ್ತ ಹೆಪ್ಪುಗಟ್ಟುವುದರಲ್ಲಿ ಜೀನ್‌ಗಳ ಪಾಲೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗಲೇ ಒಂದು ಕಾಲು ಊದಿಕೊಳ್ಳುತ್ತದೆ. ರಕ್ತನಾಳದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಗೊತ್ತಾಗುತ್ತದೆ. ಆಗ ಮನೆಯವರಿಂದ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಇದು ನಮ್ಮ ವಂಶದಲ್ಲೇ ಇದೆಯಾ ಡಾಕ್ಟ್ರೇ?" ಕೆಲವರಲ್ಲಿ ಇರುತ್ತದೆ. ಆದರೆ ಹೆಚ್ಚಿನವರಲ್ಲಿ ದೊಡ್ಡ ಪಾಲು ಕ್ಯಾನ್ಸರಿನದ್ದು ಮತ್ತು ಅದರ ಚಿಕಿತ್ಸೆಯದ್ದು. ಆ ಲೆಕ್ಕವನ್ನೇ ಕೆಳಗೆ ಬಿಡಿಸಿದ್ದೇವೆ. ಈ ಪುಟದಲ್ಲಿ ಹೆಪ್ಪು ಅಂದರೆ ರಕ್ತನಾಳದೊಳಗಿನ ರಕ್ತದ ಹೆಪ್ಪು, ಗಡ್ಡೆ ಅಂದರೆ ಕ್ಯಾನ್ಸರ್ ಗಡ್ಡೆ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ನಿಮ್ಮ ಡಾಕ್ಟರ್ ಹೇಳಿದ ಹಾಗೆಯೇ ಆಗಲಿ.

ಕ್ಯಾನ್ಸರ್ ಇರುವುದು ಹೊಟ್ಟೆಯಲ್ಲಿ. ಹೆಪ್ಪು ಕಾಲಿನಲ್ಲಿ ಯಾಕೆ?

ಗಡ್ಡೆ ಒಂದೇ ಕಡೆ ಕೂತಿದ್ದರೂ ಅದು ಬಿಡುವ ಪದಾರ್ಥಗಳು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಟಿಶ್ಯೂ ಫ್ಯಾಕ್ಟರ್. ಈಳಿಗೆಯಲ್ಲಿ ಬೆರಳು ಕೊಯ್ದುಕೊಂಡಾಗ ರಕ್ತ ನಿಲ್ಲಿಸುವ ಕೆಲಸ ಶುರುವಾಗುವುದು ಇದರಿಂದಲೇ. ಆರೋಗ್ಯವಂತರಲ್ಲಿ ಇದು ರಕ್ತನಾಳದ ಹೊರಗಡೆ ಇರುತ್ತದೆ, ಗಾಯವಾದಾಗ ಮಾತ್ರ ರಕ್ತಕ್ಕೆ ತಾಕುತ್ತದೆ. ಮೇದೋಜೀರಕ ಗ್ರಂಥಿ, ಜಠರ, ಮೆದುಳು, ಶ್ವಾಸಕೋಶದ ಕೆಲವು ಗಡ್ಡೆಗಳು ಇದನ್ನು ಸಣ್ಣ ಸಣ್ಣ ಕಣಗಳಾಗಿ ನೇರವಾಗಿ ರಕ್ತಕ್ಕೇ ಬಿಡುತ್ತವೆ. ಗಾಯವೇ ಇಲ್ಲದಿದ್ದರೂ ರಕ್ತ ಹೆಪ್ಪುಗಟ್ಟಲು ತಯಾರಾಗಿಬಿಡುತ್ತದೆ.

ಇದರ ಮೇಲೆ ಆಪರೇಷನ್, ಕೀಮೋ, ದಿನಗಟ್ಟಲೆ ಹಾಸಿಗೆ ಹಿಡಿದು ಮಲಗುವುದು, ಔಷಧಿ ಕೊಡಲು ಎದೆಗೆ ಹಾಕಿದ ಪೋರ್ಟ್ ಅಥವಾ ತೋಳಿಗೆ ಹಾಕಿದ ಪಿಕ್ ಲೈನ್ ಎಂಬ ಕೊಳವೆ ಸೇರಿಕೊಳ್ಳುತ್ತವೆ. ಕಾಲಿನಲ್ಲಿ ರಕ್ತ ಮೇಲಕ್ಕೆ ಹತ್ತಬೇಕು. ನಡೆದಾಡದಿದ್ದರೆ ಅಲ್ಲಿ ಹರಿವು ತೀರಾ ನಿಧಾನ. ಹಾಗಾಗಿ ಹೆಪ್ಪು ಅಲ್ಲೇ ಜಾಸ್ತಿ.

ಇದು ಇವತ್ತು ನಿನ್ನೆ ಗೊತ್ತಾದದ್ದಲ್ಲ. 1865ರಲ್ಲಿ ಪ್ಯಾರಿಸ್‌ನ ವೈದ್ಯ ಆರ್ಮಾಂಡ್ ಟ್ರೂಸೋ, ಒಂದು ಕಡೆ ವಾಸಿಯಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವ ರಕ್ತನಾಳದ ಹೆಪ್ಪಿಗೂ ಒಳಗೆ ಅಡಗಿರುವ ಕ್ಯಾನ್ಸರಿಗೂ ಸಂಬಂಧ ಇದೆ ಎಂದು ಪಾಠದಲ್ಲಿ ವಿವರಿಸಿದ್ದರು. ಸ್ವಲ್ಪ ಕಾಲದ ಮೇಲೆ ಅವರ ಮೈಯಲ್ಲೇ ಅಂಥ ಹೆಪ್ಪು ಕಾಣಿಸಿತು. ತನಗಿರುವುದು ಹೊಟ್ಟೆಯ ಕ್ಯಾನ್ಸರ್ ಎಂದು ಅವರಿಗೆ ಅದರಿಂದಲೇ ಗೊತ್ತಾಯಿತು. 1867ರಲ್ಲಿ ತೀರಿಕೊಂಡರು. ವೈದ್ಯರು ಇವತ್ತಿಗೂ ಇದನ್ನು ಟ್ರೂಸೋ ಸಿಂಡ್ರೋಮ್ ಅಂತಲೇ ಕರೆಯುತ್ತಾರೆ.

ಯಾವ ಲಕ್ಷಣ ಕಂಡರೆ ತಡಮಾಡಬಾರದು?

ಒಂದೇ ಕಾಲು ಅಥವಾ ಒಂದೇ ಕೈ ಊದಿಕೊಳ್ಳುವುದು. ಮೀನಖಂಡದಲ್ಲಿ ಹಿಡಿದಂಥ ನೋವು, ಮುಟ್ಟಿದರೆ ಬಿಸಿ, ಚರ್ಮ ಕೆಂಪಾಗುವುದು ಅಥವಾ ನೀಲಿಯಾಗುವುದು. ಪೋರ್ಟ್ ಇರುವ ಬದಿಯ ತೋಳು, ಕುತ್ತಿಗೆ ಊದುವುದು. ಎರಡು ಕಾಲಿಗೂ ಹಾಕಿದ ಅದೇ ಅಳತೆಯ ಚಪ್ಪಲಿ ಒಂದಕ್ಕೆ ಮಾತ್ರ ಹಿಡಿಯುತ್ತಿದೆ, ಪಟ್ಟಿಯ ಗುರುತು ಒಂದೇ ಪಾದದ ಮೇಲೆ ಆಳವಾಗಿ ಬೀಳುತ್ತಿದೆ ಎಂದರೂ ಸುಮ್ನೆ ಬಿಡಬೇಡಿ, ಅದೇ ದಿನ ತೋರಿಸಿ.

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದರೆ ಎದೆಯಲ್ಲಿ ಚುಚ್ಚುವುದು, ಕೆಮ್ಮಿದರೆ ರಕ್ತ, ತಲೆ ಸುತ್ತಿ ಬೀಳುವುದು: ಇವು ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಸೂಚನೆ. ಅಪಾಯಿಂಟ್‌ಮೆಂಟ್ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ. ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ.

ಹುಟ್ಟಿನಿಂದ ಬರುವ ಜೀನ್ ದೋಷಗಳು ಯಾವುವು?

ನಮ್ಮ ರಕ್ತದಲ್ಲಿ ಹೆಪ್ಪು ಕಟ್ಟಿಸುವ ಪ್ರೋಟೀನ್‌ಗಳೂ ಇವೆ, ಅದು ಮಿತಿ ಮೀರದಂತೆ ತಡೆಯುವ ಪ್ರೋಟೀನ್‌ಗಳೂ ಇವೆ. ಕಟ್ಟಿಸುವವು ಜೋರಾದರೂ ತೊಂದರೆ, ತಡೆಯುವವು ಕಡಿಮೆಯಾದರೂ ತೊಂದರೆ. ಮುಖ್ಯವಾಗಿ ಐದು ದೋಷಗಳ ಹೆಸರು ನಿಮ್ಮ ಕಿವಿಗೆ ಬೀಳುತ್ತದೆ.

ಮೊದಲನೆಯದು ಫ್ಯಾಕ್ಟರ್ 5 ಲೈಡನ್. ಫ್ಯಾಕ್ಟರ್ 5 ಹೆಪ್ಪು ಕಟ್ಟಿಸುವ ಪ್ರೋಟೀನ್. ಅದರ ಕೆಲಸ ಮುಗಿದ ಮೇಲೆ ಪ್ರೋಟೀನ್ ಸಿ ಬಂದು ಅದನ್ನು ಒಂದು ಗೊತ್ತಾದ ಜಾಗದಲ್ಲಿ ತುಂಡರಿಸಬೇಕು. ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಆ ಜಾಗದ ರೂಪ ಬದಲಾಗುತ್ತದೆ, ತುಂಡರಿಸುವುದು ಕಷ್ಟವಾಗುತ್ತದೆ. ಫ್ಯಾಕ್ಟರ್ 5 ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ಕೆಲವರ ರಕ್ತ ಪ್ರೋಟೀನ್ ಸಿ ಮಾತು ಕೇಳುವುದಿಲ್ಲ ಎಂದು 1993ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಮರುವರ್ಷ ನೆದರ್ಲೆಂಡ್ಸ್‌ನ ಲೈಡನ್ ಊರಿನವರು ಅದರ ಹಿಂದಿನ ಜೀನ್ ಬದಲಾವಣೆ ಹುಡುಕಿದರು. ಊರಿನ ಹೆಸರೇ ಅದಕ್ಕೆ ಉಳಿಯಿತು.

ಎರಡನೆಯದು ಪ್ರೋಥ್ರಾಂಬಿನ್ ಜೀನ್‌ನ ಬದಲಾವಣೆ, ರಿಪೋರ್ಟ್‌ನಲ್ಲಿ ಜಿ20210ಎ ಅಂತ ಬರೆದಿರುತ್ತದೆ. ಇದನ್ನೂ 1996ರಲ್ಲಿ ಲೈಡನ್‌ನವರೇ ಕಂಡುಹಿಡಿದದ್ದು. ಇದಿದ್ದವರ ರಕ್ತದಲ್ಲಿ ಹೆಪ್ಪು ಕಟ್ಟಿಸುವ ಪ್ರೋಥ್ರಾಂಬಿನ್ ಎಂಬ ಪ್ರೋಟೀನ್ ಸ್ವಲ್ಪ ಜಾಸ್ತಿ ತಯಾರಾಗುತ್ತದೆ.

ಉಳಿದ ಮೂರು ತಡೆಯುವ ಗುಂಪಿನವು: ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್. ಇವುಗಳ ಕೊರತೆ ಹುಟ್ಟಿನಿಂದ ಬರುವುದು ಅಪರೂಪ. ಆದರೆ ಬಂದರೆ, ವಿಶೇಷವಾಗಿ ಆಂಟಿಥ್ರಾಂಬಿನ್ ಕೊರತೆ ಬಂದರೆ, ಮೇಲಿನ ಎರಡಕ್ಕಿಂತ ಜೋರು. ಇಂಥ ಮನೆಗಳಲ್ಲಿ ಇಪ್ಪತ್ತು ಮೂವತ್ತರ ವಯಸ್ಸಿಗೇ ಒಬ್ಬರಿಗಲ್ಲ ಒಬ್ಬರಿಗೆ ಹೆಪ್ಪು ಆಗಿರುತ್ತದೆ.

ಇವು ನಮ್ಮ ಕಡೆ ಎಷ್ಟಿವೆ?

ಇಂಟರ್ನೆಟ್‌ನಲ್ಲಿ ಓದುವ ಬಹುಪಾಲು ಮಾಹಿತಿ ಯುರೋಪು, ಅಮೆರಿಕದ್ದು. ಯುರೋಪ್ ಮೂಲದವರಲ್ಲಿ ಸುಮಾರು 100ರಲ್ಲಿ 5 ಜನಕ್ಕೆ ಫ್ಯಾಕ್ಟರ್ 5 ಲೈಡನ್ ಇರುತ್ತದೆ, ಪ್ರೋಥ್ರಾಂಬಿನ್ ಬದಲಾವಣೆ ಸುಮಾರು 2 ಜನಕ್ಕೆ. ಭಾರತದಲ್ಲಿ ಲೈಡನ್ ಅದಕ್ಕಿಂತ ಕಡಿಮೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಇನ್ನೂ ಕಡಿಮೆ. ಪ್ರೋಥ್ರಾಂಬಿನ್ ಬದಲಾವಣೆಯಂತೂ ನಮ್ಮಲ್ಲಿ ತೀರಾ ವಿರಳ. ಹಾಗಾಗಿ ಅಮೆರಿಕದಲ್ಲಿರುವ ಮಗ ಅಲ್ಲಿನ ವೆಬ್‌ಸೈಟ್ ಓದಿ, "ಅಮ್ಮನಿಗೆ ಲೈಡನ್ ಟೆಸ್ಟ್ ಮಾಡಿಸಿ" ಅಂತ ಫೋನ್ ಮಾಡಿದರೆ, ಹಾಸನದಲ್ಲಿರುವ ಡಾಕ್ಟರ್ ಅಷ್ಟು ಉತ್ಸಾಹ ತೋರಿಸದಿರಬಹುದು. ಅದು ಅವರ ಅಸಡ್ಡೆ ಅಲ್ಲ.

ಜೀನ್ ದೋಷವೂ ಇದೆ, ಕ್ಯಾನ್ಸರೂ ಬಂತು. ಅಪಾಯ ಎಷ್ಟು ಜಾಸ್ತಿ?

ಇದಕ್ಕೆ ಹೆಚ್ಚಾಗಿ ಉದಾಹರಿಸುವುದು ನೆದರ್ಲೆಂಡ್ಸ್‌ನ ‘ಮೆಗಾ’ ಎಂಬ ಹೆಸರಿನ ಅಧ್ಯಯನ. ಮೊದಲ ಸಲ ಹೆಪ್ಪು ಆದ 3,220 ಜನರನ್ನು ಹೆಪ್ಪು ಆಗದವರ ಜೊತೆ ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಇದ್ದರೆ ಹೆಪ್ಪಿನ ಅಪಾಯ ಸುಮಾರು 7 ಪಟ್ಟು ಎಂದು ಬಂತು. ಕ್ಯಾನ್ಸರ್ ಜೊತೆ ಫ್ಯಾಕ್ಟರ್ 5 ಲೈಡನ್ ಕೂಡ ಇದ್ದರೆ, ಎರಡೂ ಇಲ್ಲದವರಿಗೆ ಹೋಲಿಸಿದಾಗ, ಸುಮಾರು 12 ಪಟ್ಟು.

12 ಅನ್ನುವ ಸಂಖ್ಯೆ ನೋಡಿ ಗಾಬರಿಯಾಗುವ ಮೊದಲು ಅದರ ಪಕ್ಕದಲ್ಲಿರುವ ಅಂಕಿಯನ್ನೂ ನೋಡಬೇಕು. ಕ್ಯಾನ್ಸರ್ ಮತ್ತು ಲೈಡನ್ ಎರಡೂ ಇದ್ದವರು ಆ ಅಧ್ಯಯನದಲ್ಲಿ ಕೆಲವೇ ಜನ. ಹಾಗಾಗಿ ನಿಜವಾದ ಉತ್ತರ 1.6 ಪಟ್ಟಿನಿಂದ 88 ಪಟ್ಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಅವರೇ ಬರೆದಿದ್ದಾರೆ. ಅಷ್ಟು ಅಗಲದ ಅಂದಾಜಿನಿಂದ ಒಂದು ಸಂಖ್ಯೆ ಹೆಕ್ಕಿ ತಲೆಬರಹ ಮಾಡುವುದು ಸರಿಯಲ್ಲ. ವಿಯೆನ್ನಾದಲ್ಲಿ ಕ್ಯಾನ್ಸರ್ ರೋಗಿಗಳನ್ನೇ ಮುಂದಕ್ಕೆ ಗಮನಿಸುತ್ತಾ ಹೋದ ಇನ್ನೊಂದು ಅಧ್ಯಯನದಲ್ಲಿ, ಲೈಡನ್ ಇದ್ದ ರೋಗಿಗಳಿಗೆ ಇಲ್ಲದ ರೋಗಿಗಳಿಗಿಂತ ಸುಮಾರು 2 ಪಟ್ಟು ಅಪಾಯ ಕಂಡಿತು. ಎರಡನ್ನೂ ಸೇರಿಸಿ ನೋಡಿದರೆ ಜೀನ್ ಅಪಾಯವನ್ನು ಏರಿಸುತ್ತದೆ, ಸರಿ. ಆದರೆ ಮೊದಲ ದೊಡ್ಡ ಜಿಗಿತ ಕ್ಯಾನ್ಸರಿನದ್ದೇ.

ಮೆಗಾದಲ್ಲೇ ಇನ್ನೊಂದು ವಿಷಯ ಇದೆ, ನಮಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುವಂಥದ್ದು. ಕ್ಯಾನ್ಸರ್ ಪತ್ತೆಯಾದ ಮೊದಲ 3 ತಿಂಗಳಲ್ಲಿ ಅಪಾಯ ಅತಿ ಹೆಚ್ಚು. ಬಯಾಪ್ಸಿ, ಸ್ಕ್ಯಾನ್, ಆಪರೇಷನ್ ಅಂತ ಮನೆಯೆಲ್ಲ ಓಡಾಡುತ್ತಿರುವ ಕಾಲ ಅದು. ಕಾಲು ಊದಿದ್ದನ್ನು ಯಾರೂ ಗಮನಿಸದೆ ಹೋಗುವುದೂ ಅದೇ ಕಾಲದಲ್ಲಿ.

ಬ್ಲಡ್ ಗ್ರೂಪ್‌ಗೂ ಇದಕ್ಕೂ ಸಂಬಂಧ ಇದೆಯಂತೆ, ಹೌದಾ?

ಹೌದು. ಬ್ಲಡ್ ಗ್ರೂಪ್ ಕೂಡ ಹುಟ್ಟಿನಿಂದ ಬಂದ ಜೀನ್ ವಿಷಯವೇ ಅಲ್ವಾ? ಓ ಗ್ರೂಪಿನವರಲ್ಲಿ ವಾನ್ ವಿಲ್ಲಿಬ್ರಾಂಡ್ ಫ್ಯಾಕ್ಟರ್ ಎಂಬ ಹೆಪ್ಪುಗಟ್ಟಿಸುವ ಪ್ರೋಟೀನ್ ಸುಮಾರು ಕಾಲುಭಾಗ ಕಡಿಮೆ. ಎ, ಬಿ, ಎಬಿ ಗ್ರೂಪಿನವರಿಗೆ ಓ ಗ್ರೂಪಿನವರಿಗಿಂತ ಒಂದೂವರೆಯಿಂದ ಎರಡು ಪಟ್ಟು ಹೆಪ್ಪಿನ ಅಪಾಯ. ಆದರೆ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಓ ಅಲ್ಲದ ಗ್ರೂಪಿನವರೇ. ಇದನ್ನೊಂದೇ ನೋಡಿ ಯಾರಿಗೂ ಔಷಧಿ ಬರೆಯುವುದಿಲ್ಲ. ಗೊತ್ತಿರಲಿ, ತಲೆ ಕೆಡಿಸಿಕೊಳ್ಳಬೇಡಿ.

ಗಡ್ಡೆಯ ಒಳಗಿನ ಜೀನ್ ಬದಲಾವಣೆ ಅಂತಾರಲ್ಲ, ಅದು ಬೇರೆಯಾ?

ಪೂರ್ತಿ ಬೇರೆ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಇಲ್ಲಿಯವರೆಗೆ ಹೇಳಿದ್ದು ಅಪ್ಪ ಅಮ್ಮನಿಂದ ಬಂದು ಮೈಯ ಪ್ರತಿ ಜೀವಕೋಶದಲ್ಲೂ ಇರುವ ಬದಲಾವಣೆಗಳು. ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆಗಳು ಬದುಕಿನ ನಡುವೆ ಆ ಜೀವಕೋಶಗಳಲ್ಲಿ ಆದವು. ಅವು ಮಕ್ಕಳಿಗೆ ಹೋಗುವುದಿಲ್ಲ. ಆದರೆ ಗಡ್ಡೆ ಎಷ್ಟು ಟಿಶ್ಯೂ ಫ್ಯಾಕ್ಟರ್ ಬಿಡುತ್ತದೆ, ರಕ್ತವನ್ನು ಎಷ್ಟು ಕೆಣಕುತ್ತದೆ ಎಂಬುದನ್ನು ಬದಲಾಯಿಸಬಲ್ಲವು.

ಶ್ವಾಸಕೋಶದ ಕ್ಯಾನ್ಸರ್ ತೆಗೆದುಕೊಳ್ಳಿ. ಬಯಾಪ್ಸಿಯ ಚೂರನ್ನು ಮಾಲಿಕ್ಯುಲರ್ ಟೆಸ್ಟ್‌ಗೆ ಕಳಿಸಿದಾಗ ಇಜಿಎಫ್‌ಆರ್, ಎಎಲ್‌ಕೆ, ಆರ್‌ಓಎಸ್1 ಅಂತ ಜೀನ್‌ಗಳ ಹೆಸರು ಸಾಲಾಗಿ ರಿಪೋರ್ಟ್‌ನಲ್ಲಿ ಬರುತ್ತದೆ. ಯಾವ ಮಾತ್ರೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮಾಡಿಸುವ ಟೆಸ್ಟ್ ಅದು. ಆದರೆ ಎಎಲ್‌ಕೆ ಅಥವಾ ಆರ್‌ಓಎಸ್1 ಪಾಸಿಟಿವ್ ಇರುವವರಲ್ಲಿ ಹೆಪ್ಪು ಬೇರೆ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗಿಂತ ಎದ್ದು ಕಾಣುವಷ್ಟು ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಎಎಲ್‌ಕೆ ಪಾಸಿಟಿವ್ ರೋಗಿಗಳು ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು, ಬೀಡಿ ಸಿಗರೇಟು ಮುಟ್ಟದವರು. ಅವರಿಗೆ ಹೆಪ್ಪು ಆಗಲಿಕ್ಕಿಲ್ಲ ಎಂದು ಮನೆಯವರು ಅಂದುಕೊಳ್ಳುವುದು ಸಹಜ. ಅದು ತಪ್ಪು ಲೆಕ್ಕ.

ರಕ್ತದ ಕಾಯಿಲೆಗಳಲ್ಲಿ ಜೆಎಕೆ2 ಎಂಬ ಬದಲಾವಣೆ ಮುಖ್ಯ. 2005ರಲ್ಲಿ ಇದು ಪತ್ತೆಯಾಯಿತು. ಕೆಂಪು ರಕ್ತಕಣ ಮಿತಿಮೀರಿ ಹೆಚ್ಚುವ ಪಾಲಿಸೈಥೀಮಿಯಾ ವೆರಾ ರೋಗಿಗಳಲ್ಲಿ ನೂರಕ್ಕೆ 95ರಷ್ಟು ಜನರಲ್ಲಿ ಇದಿರುತ್ತದೆ. ಪ್ಲೇಟ್‌ಲೆಟ್ ಹೆಚ್ಚುವ ಕಾಯಿಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ. ಇದರ ಹೆಪ್ಪು ಕಾಲಿನಲ್ಲಷ್ಟೇ ಅಲ್ಲ, ಲಿವರ್‌ನ ರಕ್ತನಾಳ, ಕರುಳಿನಿಂದ ಲಿವರ್‌ಗೆ ಹೋಗುವ ರಕ್ತನಾಳ, ಹೀಗೆ ಯಾರೂ ನಿರೀಕ್ಷಿಸದ ಜಾಗದಲ್ಲಿ ಬರುತ್ತದೆ. ಎಷ್ಟೋ ಸಲ ಹೊಟ್ಟೆನೋವು ಅಂತ ಬಂದವರಲ್ಲಿ ಮೊದಲು ಹೆಪ್ಪು ಕಂಡು, ಆಮೇಲೆ ಜೆಎಕೆ2 ಟೆಸ್ಟ್ ಮಾಡಿ, ಮೂಲ ಕಾಯಿಲೆ ಗೊತ್ತಾಗುತ್ತದೆ.

ಕೆಆರ್‌ಎಎಸ್ ಮತ್ತು ಎಸ್‌ಟಿಕೆ11 ಬದಲಾವಣೆ ಇರುವ ಗಡ್ಡೆಗಳಲ್ಲೂ ಹೆಪ್ಪು ಜಾಸ್ತಿ ಎಂದು ಅಮೆರಿಕದಲ್ಲಿ ಸಾವಿರಾರು ರೋಗಿಗಳ ಗಡ್ಡೆಯ ಜೀನ್ ಓದಿದ ಅಧ್ಯಯನವೊಂದು 2021ರಲ್ಲಿ ತೋರಿಸಿತು.

ಉಲ್ಟಾ ಉದಾಹರಣೆಯೂ ಇದೆ. ಮೆದುಳಿನ ಗ್ಲಯೋಮ ಗಡ್ಡೆಗಳಿಗೆ ಹೆಪ್ಪಿನ ವಿಷಯದಲ್ಲಿ ಕೆಟ್ಟ ಹೆಸರು. ಆದರೆ ಅವುಗಳಲ್ಲೇ ಐಡಿಎಚ್1 ಬದಲಾವಣೆ ಇರುವವು ಟಿಶ್ಯೂ ಫ್ಯಾಕ್ಟರ್ ಕಡಿಮೆ ಮಾಡುತ್ತವೆ, ಹೆಪ್ಪೂ ಬಹಳ ಕಡಿಮೆ. ಒಂದೇ ಜಾಗದ ಕ್ಯಾನ್ಸರ್, ಒಂದು ಜೀನ್ ವ್ಯತ್ಯಾಸ, ರಕ್ತದ ನಡವಳಿಕೆ ಪೂರ್ತಿ ಬೇರೆ.

ಆದ್ದರಿಂದ ನಮ್ಮ ಸಲಹೆ: ಹುಟ್ಟಿನಿಂದ ಬರುವ ಹೆಪ್ಪಿನ ದೋಷಗಳನ್ನು ಹುಡುಕುವ ಟೆಸ್ಟ್‌ಗಳ ಗುಂಪಾದ ಥ್ರಾಂಬೋಫಿಲಿಯಾ ಪ್ಯಾನೆಲ್‌ಗೆ ದುಡ್ಡು ಹಾಕುವ ಮೊದಲು, ನಿಮ್ಮ ಫೈಲ್‌ನಲ್ಲಿ ಈಗಾಗಲೇ ಇರುವ ಗಡ್ಡೆಯ ಮಾಲಿಕ್ಯುಲರ್ ರಿಪೋರ್ಟ್ ತೆಗೆದು, "ಇದರಲ್ಲಿ ಹೆಪ್ಪಿಗೆ ಸಂಬಂಧಪಟ್ಟದ್ದು ಏನಾದರೂ ಇದೆಯಾ?" ಅಂತ ಕೇಳಿ.

ಕ್ಯಾನ್ಸರ್ ಇರುವ ಎಲ್ಲರೂ ಥ್ರಾಂಬೋಫಿಲಿಯಾ ಪ್ಯಾನೆಲ್ ಮಾಡಿಸಬೇಕಾ?

ಬೇಡ. ಸಾವಿರಗಟ್ಟಲೆ ರೂಪಾಯಿ ಖರ್ಚು, ಬಹಳ ಸಲ ಉತ್ತರದಿಂದ ಚಿಕಿತ್ಸೆ ಬದಲಾಗುವುದಿಲ್ಲ. ಹೆಪ್ಪು ಆಗಿಬಿಟ್ಟಿದ್ದರೆ ಹೇಗೂ ರಕ್ತ ತೆಳು ಮಾಡುವ ಔಷಧಿ ಕೊಡುತ್ತಾರೆ. ಕ್ಯಾನ್ಸರ್ ಇರುವವರೆಗೆ ಮುಂದುವರಿಸುತ್ತಾರೆ. ಲೈಡನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಒಂದು ಸಣ್ಣ ಗುಂಪಿಗೆ ಮಾತ್ರ ಲೆಕ್ಕ ಬೇರೆ. ಇನ್ನೂ ಹೆಪ್ಪು ಆಗಿಲ್ಲ, ಮನೆಯಿಂದ ಓಡಾಡಿಕೊಂಡು ಕೀಮೋ ತೆಗೆದುಕೊಳ್ಳುತ್ತಿದ್ದಾರೆ, ಬೇರೆ ಲೆಕ್ಕದಲ್ಲಿ ಅಪಾಯ ಕಡಿಮೆ ಅಥವಾ ಮಧ್ಯಮ, ಆದರೆ ಹತ್ತಿರದ ರಕ್ತಸಂಬಂಧಿಗಳಿಗೆ ಹೆಪ್ಪು ಆದ ಇತಿಹಾಸ ಇದೆ. ಇಂಥವರಲ್ಲಿ ಪರೀಕ್ಷೆ ಮಾಡಿ, ಬಂದ ಉತ್ತರ ನೋಡಿ ಮುಂಜಾಗ್ರತೆಯ ಔಷಧಿ ಕೊಡುವುದನ್ನು ಯೋಚಿಸಬಹುದು ಎಂದು ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಪುರಾವೆ ಗಟ್ಟಿಯಾಗಿಲ್ಲ ಎಂದೂ ಅಲ್ಲೇ ಒಪ್ಪಿಕೊಂಡಿದೆ. ಅಂದರೆ ಇದು ಡಾಕ್ಟರ್ ಜೊತೆ ಕೂತು ಮಾತಾಡಿ ನಿರ್ಧರಿಸುವ ವಿಷಯ. ಲ್ಯಾಬ್ ಪ್ಯಾಕೇಜ್ ನೋಡಿ ನಾವೇ ಬುಕ್ ಮಾಡುವುದಲ್ಲ.

ರಿಪೋರ್ಟ್‌ನಲ್ಲಿ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎರಡೂ ಕಡಿಮೆ ಅಂತ ಬಂದಿದೆ. ವಂಶದ್ದೇ ತಾನೆ?

ಆತುರ ಬೇಡ. ಒಂದು ರಿಪೋರ್ಟ್ ಹೀಗಿದೆ ಅಂದುಕೊಳ್ಳಿ. 58 ವರ್ಷದ ಹೆಂಗಸು, ಕರುಳಿನ ಕ್ಯಾನ್ಸರ್, ಹೆಪ್ಪು ಆಗಿ ಮೂರು ವಾರದಿಂದ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ. ಪ್ರೋಟೀನ್ ಸಿ 34%, ಪ್ರೋಟೀನ್ ಎಸ್ 29%, ಎರಡರ ಪಕ್ಕದಲ್ಲೂ ಕೆಂಪು ಗುರುತು. ಆಂಟಿಥ್ರಾಂಬಿನ್ 96%. ಫ್ಯಾಕ್ಟರ್ 5 ಲೈಡನ್ ಇಲ್ಲ. ವಾರ್ಫರಿನ್ ಎಷ್ಟು ಹಿಡಿದಿದೆ ಎಂದು ತೋರಿಸುವ ಐಎನ್‌ಆರ್ 2.6.

ಈಗ ಓದೋಣ. ಪ್ರೋಟೀನ್ ಸಿ ಮತ್ತು ಎಸ್ ತಯಾರಾಗಲು ವಿಟಮಿನ್ ಕೆ ಬೇಕು. ವಾರ್ಫರಿನ್ ಕೆಲಸ ಮಾಡುವುದೇ ವಿಟಮಿನ್ ಕೆ ತಡೆದು. ಮಾತ್ರೆ ನುಂಗಿದ ಮೇಲೆ ಇವೆರಡೂ ಬೀಳಲೇಬೇಕು. ಆಂಟಿಥ್ರಾಂಬಿನ್‌ಗೆ ವಿಟಮಿನ್ ಕೆ ಬೇಕಿಲ್ಲ, ಅದು ಅದರ ಪಾಡಿಗೆ ಸರಿಯಾಗಿದೆ. ಐಎನ್‌ಆರ್ 2.6 ಅಂದರೆ ಮಾತ್ರೆ ಚೆನ್ನಾಗಿ ಹಿಡಿದಿದೆ. ಈ ರಿಪೋರ್ಟ್ ಹೇಳುತ್ತಿರುವುದು ಅಷ್ಟೇ. ವಂಶದ ಬಗ್ಗೆ ಏನೂ ಹೇಳುತ್ತಿಲ್ಲ. ಆದರೆ ಆ ಕೆಂಪು ಗುರುತು ನೋಡಿ ಮನೆಮಂದಿಯೆಲ್ಲ ಟೆಸ್ಟ್ ಮಾಡಿಸಲು ಹೊರಡುತ್ತಾರೆ.

ವಾರ್ಫರಿನ್ ಒಂದೇ ಅಲ್ಲ. ಹೆಪ್ಪು ಆದ ಹೊಸತರಲ್ಲೇ ಈ ಪ್ರೋಟೀನ್‌ಗಳು ಖರ್ಚಾಗಿ ಕಡಿಮೆ ಇರುತ್ತವೆ. ಲಿವರ್ ಸರಿಯಿಲ್ಲದಿದ್ದರೆ ಕಡಿಮೆ. ರಕ್ತ ತೆಳು ಮಾಡುವ ಹೆಪಾರಿನ್ ಇಂಜೆಕ್ಷನ್ ಕೊಡುತ್ತಿದ್ದರೆ ಆಂಟಿಥ್ರಾಂಬಿನ್ ಕಡಿಮೆ ತೋರಿಸುತ್ತದೆ. ಬಸುರಿಯರಲ್ಲಿ ಪ್ರೋಟೀನ್ ಎಸ್ ತಾನಾಗಿಯೇ ಇಳಿಯುತ್ತದೆ. ರಕ್ತ ತೆಳು ಮಾಡುವ ರಿವರಾಕ್ಸಬಾನ್‌ನಂಥ ಹೊಸ ಮಾತ್ರೆಗಳು ಕೆಲವು ಟೆಸ್ಟ್‌ಗಳ ಲೆಕ್ಕವನ್ನೇ ತಪ್ಪಿಸುತ್ತವೆ. ಲೈಡನ್ ಮತ್ತು ಪ್ರೋಥ್ರಾಂಬಿನ್ ಟೆಸ್ಟ್ ಮಾತ್ರ ನೇರ ಡಿಎನ್‌ಎ ನೋಡುವುದರಿಂದ ಯಾವ ಔಷಧಿ ನಡೆಯುತ್ತಿದ್ದರೂ ಉತ್ತರ ಬದಲಾಗುವುದಿಲ್ಲ.

ಟೆಸ್ಟ್ ಸರಿಯಾಗಿ ಬರಲಿ ಎಂದು ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಟೆಸ್ಟ್ ಆಮೇಲೂ ಮಾಡಿಸಬಹುದು.

ಹಾಗಾದರೆ ಜೀನ್ ನೋಡದೆ ಡಾಕ್ಟರ್ ಅಪಾಯ ಹೇಗೆ ಅಳೆಯುತ್ತಾರೆ?

2008ರಿಂದ ಬಳಕೆಯಲ್ಲಿರುವ ಖೊರಾನಾ ಸ್ಕೋರ್ ಇದೆ. ಕೀಮೋ ಶುರು ಮಾಡುವ ಮೊದಲಿನ ಸಾಮಾನ್ಯ ರಕ್ತಪರೀಕ್ಷೆ ಸಾಕು. ಜಠರ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆದರೆ 2 ಅಂಕ. ಶ್ವಾಸಕೋಶ, ದುಗ್ಧಗ್ರಂಥಿ (ಲಿಂಫೋಮಾ), ಗರ್ಭಕೋಶ ಅಂಡಾಶಯ, ಮೂತ್ರಕೋಶ, ವೃಷಣ ಆದರೆ 1. ಪ್ಲೇಟ್‌ಲೆಟ್ ಮೂರೂವರೆ ಲಕ್ಷ ಅಥವಾ ಜಾಸ್ತಿ ಇದ್ದರೆ 1, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ 1, ಬಿಳಿ ರಕ್ತಕಣ 11,000 ದಾಟಿದ್ದರೆ 1, ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕವಾದ ಬಿಎಂಐ 35 ಅಥವಾ ಮೇಲಿದ್ದರೆ 1. ಒಟ್ಟು 2 ಅಥವಾ ಹೆಚ್ಚು ಬಂದವರಿಗೆ, ರಕ್ತಸ್ರಾವದ ಭಯ ಇಲ್ಲದಿದ್ದರೆ, ಮೊದಲೇ ರಕ್ತ ತೆಳು ಮಾಡುವ ಅಪಿಕ್ಸಬಾನ್ ಅಥವಾ ರಿವರಾಕ್ಸಬಾನ್ ಕೊಡುವುದನ್ನು ಯೋಚಿಸುತ್ತಾರೆ. ಎರಡರ ಮೇಲೂ 2019ರಲ್ಲಿ ದೊಡ್ಡ ಪ್ರಯೋಗಗಳು ಪ್ರಕಟವಾದವು.

ಗಮನಿಸಿ, ಇದರಲ್ಲಿ ಜೀನ್ ಇಲ್ಲವೇ ಇಲ್ಲ. ಸ್ಪೇನ್‌ನ ತಜ್ಞರು ಜೀನ್‌ಗಳನ್ನೂ ಸೇರಿಸಿ 2018ರಲ್ಲಿ ಟಿಕ್‌–ಆಂಕೋ ಎಂಬ ಸ್ಕೋರ್ ಮಾಡಿದರು. ಅವರ ರೋಗಿಗಳಲ್ಲಿ ಅದು ಖೊರಾನಾಗಿಂತ ಚೆನ್ನಾಗಿ ಊಹಿಸಿತು. ಆದರೆ ಅದರಲ್ಲಿರುವ ಜೀನ್ ಪಟ್ಟಿ ಯುರೋಪಿನವರನ್ನು ನೋಡಿ ಮಾಡಿದ್ದು. ಲೈಡನ್ನೇ ಅಪರೂಪವಾಗಿರುವ ನಮ್ಮ ಕಡೆ ಅದನ್ನು ಹಾಗೆಯೇ ತಂದು ಕೂರಿಸಲು ಬರುವುದಿಲ್ಲ.

ನನ್ನ ಸ್ತನ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್ ಬರೆದಿದ್ದಾರೆ. ಅಮ್ಮನಿಗೆ ಹಿಂದೆ ಕಾಲಿನಲ್ಲಿ ಹೆಪ್ಪು ಆಗಿತ್ತು. ಹೇಳಬೇಕಾ?

ಖಂಡಿತ ಹೇಳಿ, ಮಾತ್ರೆ ಶುರು ಮಾಡುವ ಮೊದಲೇ. ಟಾಮಾಕ್ಸಿಫೆನ್ ತಾನೇ ಹೆಪ್ಪಿನ ಅಪಾಯವನ್ನು ಎರಡು ಮೂರು ಪಟ್ಟು ಏರಿಸುತ್ತದೆ. ಈ ಮಾತ್ರೆ ತೆಗೆದುಕೊಂಡು ಹೆಪ್ಪು ಆದ ಹೆಂಗಸರಲ್ಲಿ ಲೈಡನ್ ಇರುವ ಸಾಧ್ಯತೆ, ಹೆಪ್ಪು ಆಗದವರಿಗಿಂತ ಸುಮಾರು ನಾಲ್ಕೈದು ಪಟ್ಟು ಜಾಸ್ತಿ ಎಂದು ಅಮೆರಿಕದ ಅಧ್ಯಯನವೊಂದು 2010ರಲ್ಲಿ ತೋರಿಸಿತು. ಮುಟ್ಟು ನಿಂತವರಿಗೆ ಲೆಟ್ರೊಜೋಲ್, ಅನಾಸ್ಟ್ರಜೋಲ್‌ನಂಥ ಬೇರೆ ಮಾತ್ರೆಗಳಿವೆ, ಅವುಗಳಲ್ಲಿ ಹೆಪ್ಪಿನ ತೊಂದರೆ ಕಡಿಮೆ. ಆಯ್ಕೆ ಇದೆ ಅಂದಮೇಲೆ ಮೊದಲೇ ಬಾಯಿ ಬಿಟ್ಟು ಹೇಳುವುದರಿಂದ ಲಾಭವೇ. ಹೆದರಿ ಮಾತ್ರೆಯನ್ನು ಡಬ್ಬಿಯಲ್ಲೇ ಇಡಬೇಡಿ. ಕ್ಯಾನ್ಸರ್ ಮರಳದಂತೆ ಅದು ಮಾಡುವ ಉಪಕಾರ ದೊಡ್ಡದು.

ಮಗುವಿಗೆ ರಕ್ತದ ಕ್ಯಾನ್ಸರ್. ಆಸ್ಪರಾಜಿನೇಸ್ ಎಂಬ ಕೀಮೋ ಔಷಧಿ ಕೊಟ್ಟ ಮೇಲೆ ಹೆಪ್ಪು ಆಯಿತು. ನಮ್ಮಿಂದ ಬಂದ ದೋಷವಾ?

ಆಸ್ಪರಾಜಿನೇಸ್ ಲಿವರ್‌ನಲ್ಲಿ ಪ್ರೋಟೀನ್ ತಯಾರಿಯನ್ನೇ ತಗ್ಗಿಸುತ್ತದೆ. ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಎಸ್ ಎಲ್ಲ ಇಳಿಯುತ್ತವೆ. ಹುಟ್ಟಿನಿಂದ ಏನೂ ದೋಷ ಇಲ್ಲದ ಮಗುವಿಗೂ ಇದರಿಂದ ಹೆಪ್ಪು ಆಗಬಹುದು, ಮೆದುಳಿನ ರಕ್ತನಾಳದಲ್ಲೂ ಆಗಬಹುದು. ಮಗು ಇದ್ದಕ್ಕಿದ್ದಂತೆ ಜೋರು ತಲೆನೋವು ಅಂದರೆ, ವಾಂತಿ ಮಾಡಿದರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ. ತಂದೆತಾಯಿ ತಮ್ಮನ್ನು ದೂರಿಕೊಳ್ಳುವಂಥದ್ದು ಏನೂ ಇಲ್ಲ.

ಜೀನ್ ದೋಷ ಇದೆ ಅಂತ ಖಚಿತವಾದರೆ ಔಷಧಿ ಬದಲಾಗುತ್ತದಾ?

ಲೈಡನ್, ಪ್ರೋಥ್ರಾಂಬಿನ್ ಆದರೆ ಸಾಮಾನ್ಯವಾಗಿ ಇಲ್ಲ. ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನಾಕ್ಸಪಾರಿನ್ ಇಂಜೆಕ್ಷನ್, ಅಥವಾ ಅಪಿಕ್ಸಬಾನ್, ರಿವರಾಕ್ಸಬಾನ್, ಎಡಾಕ್ಸಬಾನ್ ಮಾತ್ರೆಗಳು. ಕನಿಷ್ಠ ಮೂರರಿಂದ ಆರು ತಿಂಗಳು, ಕ್ಯಾನ್ಸರ್ ಇನ್ನೂ ಇದ್ದರೆ ಮುಂದಕ್ಕೆ. ಜಠರ ಕರುಳಿನ ಗಡ್ಡೆ ಒಳಗೇ ಇದ್ದರೆ ಮಾತ್ರೆಗಳಿಂದ ರಕ್ತಸ್ರಾವ ಆಗಬಹುದು ಎಂದು ಇಂಜೆಕ್ಷನ್ನನ್ನೇ ಇಷ್ಟಪಡುತ್ತಾರೆ.

ಎರಡು ಕಡೆ ಮಾತ್ರ ಎಚ್ಚರ ಬೇಕು. ಆಂಟಿಥ್ರಾಂಬಿನ್ ಕೊರತೆ ಇದ್ದರೆ ಹೆಪಾರಿನ್ ಗುಂಪಿನ ಇಂಜೆಕ್ಷನ್ ಸರಿಯಾಗಿ ಹಿಡಿಯದಿರಬಹುದು. ಹೆಪಾರಿನ್ ಕೆಲಸ ಮಾಡುವುದು ಆಂಟಿಥ್ರಾಂಬಿನ್ ಮೂಲಕವೇ. ಪ್ರೋಟೀನ್ ಸಿ ಕೊರತೆ ಇದ್ದವರಿಗೆ ಹೆಪಾರಿನ್ ಆಸರೆ ಇಲ್ಲದೆ ವಾರ್ಫರಿನ್ ಶುರು ಮಾಡಿದರೆ ಮೊದಲ ದಿನಗಳಲ್ಲಿ ಚರ್ಮ ಕಪ್ಪಾಗಿ ಕೊಳೆಯುವ ಅಪಾಯ ಇದೆ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಇಂಥ ದೋಷ ಮೊದಲೇ ಖಚಿತವಾಗಿದ್ದರೆ ಆ ಹಳೇ ರಿಪೋರ್ಟ್ ತಂದು ತೋರಿಸಿ.

ಜೀನ್ ದೋಷದಿಂದಲೇ ಕ್ಯಾನ್ಸರ್ ಬಂತಾ?

ಇಲ್ಲ. ಲೈಡನ್ ಕ್ಯಾನ್ಸರ್ ತರುವ ಜೀನ್ ಅಲ್ಲ.

ಮೊದಲು ಹೆಪ್ಪು ಆಯಿತು, ಆಮೇಲೆ ಕ್ಯಾನ್ಸರ್ ಗೊತ್ತಾಯಿತು. ಕಾರಣವಿಲ್ಲದೆ ಹೆಪ್ಪು ಆದವರೆಲ್ಲ ಕ್ಯಾನ್ಸರ್ ಹುಡುಕಬೇಕಾ?

ಒಂದು ಮಟ್ಟಕ್ಕೆ. ಕೆನಡಾದಲ್ಲಿ ಕಾರಣವಿಲ್ಲದೆ ಹೆಪ್ಪು ಆದ 854 ಜನರನ್ನು ನೋಡಿದಾಗ ಒಂದು ವರ್ಷದೊಳಗೆ ನೂರಕ್ಕೆ 4ರಷ್ಟು ಜನರಲ್ಲಿ ಕ್ಯಾನ್ಸರ್ ಕಂಡಿತು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸುಮಾರು ಅರ್ಧ ಜನರಿಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಕೂಡ ಸೇರಿಸಿದ್ದರಿಂದ ಹೆಚ್ಚೇನೂ ಲಾಭ ಆಗಲಿಲ್ಲ. ಸರಿಯಾಗಿ ಮೈ ಪರೀಕ್ಷೆ, ಮಾಮೂಲಿ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆ, ಇಷ್ಟು ಸಾಕು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಹೋಗುತ್ತಿದ್ದರೆ ಆ ದಾರಿ ಹಿಡಿದು ಮುಂದೆ ಹುಡುಕುತ್ತಾರೆ.

ಬೆಳ್ಳುಳ್ಳಿ, ಶುಂಠಿ ಕಷಾಯ ರಕ್ತ ತೆಳು ಮಾಡುತ್ತದಲ್ಲ, ಅದೇ ಸಾಲದಾ?

ಸಾಲದು. ಸಾರಿಗೆ ಒಗ್ಗರಣೆ ಹಾಕುವಷ್ಟು ಬೆಳ್ಳುಳ್ಳಿಗೆ ಯಾರ ಅಡ್ಡಿಯೂ ಇಲ್ಲ. ಕ್ಯಾಪ್ಸೂಲ್, ಕಷಾಯ, ನಾಟಿ ಔಷಧಿ ಅಂತ ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ್‌ಗೆ ತಿಳಿಸಿ, ಮಾತ್ರೆಯ ಜೊತೆ ಸೇರಿ ರಕ್ತಸ್ರಾವ ಆಗಬಹುದು. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ವಾರ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ. ಅಪಿಕ್ಸಬಾನ್, ರಿವರಾಕ್ಸಬಾನ್‌ಗೆ ಸೊಪ್ಪಿನ ತಂಟೆ ಇಲ್ಲ.

ನನಗೆ ಲೈಡನ್ ಇದೆ ಅಂತ ಬಂತು. ಮಕ್ಕಳಿಗೆ, ತಮ್ಮ ತಂಗಿಯರಿಗೆ ಟೆಸ್ಟ್ ಮಾಡಿಸಲಾ?

ಪ್ರತಿ ಮಗುವಿಗೂ ದೋಷ ಹೋಗಿರುವ ಸಾಧ್ಯತೆ ಅರ್ಧಕ್ಕರ್ಧ. ಹೋಗಿದ್ದರೂ ಬಹುಪಾಲು ಜನಕ್ಕೆ ಬದುಕಿಡೀ ಹೆಪ್ಪು ಆಗುವುದೇ ಇಲ್ಲ. ಚಿಕ್ಕ ಮಕ್ಕಳಿಗೆ ಟೆಸ್ಟ್ ಬೇಡ. ಮಗಳು ಗರ್ಭನಿರೋಧಕ ಮಾತ್ರೆ ಶುರು ಮಾಡುವಾಗ, ಬಸುರಿಯಾದಾಗ, ಮನೆಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಇದ್ದಾಗ ಈ ವಿಷಯವನ್ನು ಅಲ್ಲಿನ ಡಾಕ್ಟರ್‌ಗೆ ಹೇಳಿದರೆ ಸಾಕು. ಅಗತ್ಯ ಇದ್ದರೆ ಅವರು ಟೆಸ್ಟ್ ಬರೆಯುತ್ತಾರೆ.

ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ಒಂದೇ ಮನೆತನದ ಇಬ್ಬರಲ್ಲೂ ಅದೇ ದೋಷ ಇದ್ದರೆ, ನಾಲ್ಕರಲ್ಲಿ ಒಂದು ಮಗುವಿಗೆ ಎರಡು ಕಡೆಯಿಂದಲೂ ಬರುವ ಸಾಧ್ಯತೆ ಇದೆ. ಲೈಡನ್‌ನಲ್ಲಿ ಅದು ಅಪಾಯವನ್ನು ಏರಿಸುತ್ತದೆ. ಪ್ರೋಟೀನ್ ಸಿ ಕೊರತೆಯಲ್ಲಿ ಹುಟ್ಟಿದ ಮೊದಲ ದಿನಗಳಲ್ಲೇ ಕೂಸಿನ ಚರ್ಮದ ಮೇಲೆ ನೇರಳೆ ಬಣ್ಣದ ಕಲೆಗಳು ಹರಡಿ ಜೀವಕ್ಕೇ ಕುತ್ತು ಬರಬಹುದು. ಪ್ರೋಟೀನ್ ಸಿ ಅಥವಾ ಎಸ್ ಕೊರತೆ ಖಚಿತವಾಗಿರುವ ಮನೆಯವರು ಒಳಸಂಬಂಧದ ಮಾತು ನಡೆಯುವ ಮೊದಲು ಜೆನೆಟಿಕ್ ಕೌನ್ಸೆಲರ್ ಅಥವಾ ರಕ್ತರೋಗ ತಜ್ಞರ ಜೊತೆ ಮಾತಾಡುವುದು ಒಳ್ಳೆಯದು.

ಮನೆತನದ ಇತಿಹಾಸ ಅಂತ ಡಾಕ್ಟರ್ ಕೇಳುತ್ತಾರೆ. ಏನೇನು ನೆನಪು ಮಾಡಿಕೊಳ್ಳಬೇಕು?

"ನಮ್ಮ ಮನೇಲಿ ಯಾರಿಗೂ ಹೆಪ್ಪು ಆಗಿಲ್ಲ" ಅನ್ನುವ ಉತ್ತರ ಎಷ್ಟೋ ಸಲ ಅರ್ಧ ನಿಜ. ಹಳೆಯ ತಲೆಮಾರಿನಲ್ಲಿ ಡಾಪ್ಲರ್ ಎಲ್ಲಿತ್ತು? "ಅಜ್ಜಿ ಬಾಣಂತನದಲ್ಲಿ ಕಾಲು ಬಾತು ತೀರಿಕೊಂಡರು", "ದೊಡ್ಡಪ್ಪ ಆಪರೇಷನ್ ಆಗಿ ವಾರಕ್ಕೆ ಬಚ್ಚಲಿಗೆ ಹೋದವರು ಅಲ್ಲೇ ಕುಸಿದರು, ಹಾರ್ಟ್ ಅಟ್ಯಾಕ್ ಅಂದರು", ಇಂಥ ಮಾತುಗಳ ಹಿಂದೆ ಹೆಪ್ಪು ಇದ್ದಿರಬಹುದು. ಚಿಕ್ಕಮ್ಮನೋ ಸೋದರತ್ತೆಯೋ ಹಳೆಯ ಕಥೆ ಚೆನ್ನಾಗಿ ನೆನಪಿಟ್ಟಿರುತ್ತಾರೆ, ಅವರನ್ನು ಕೇಳಿ. ಯಾರಿಗೆ, ಯಾವ ವಯಸ್ಸಿನಲ್ಲಿ, ಹೆರಿಗೆ ಅಥವಾ ಆಪರೇಷನ್ ಆದ ಮೇಲೋ ಸುಮ್ಮಸುಮ್ಮನೆಯೋ, ಎಷ್ಟು ಸಲ, ಎಂದು ಬರೆದುಕೊಳ್ಳಿ. 50 ವರ್ಷಕ್ಕೆ ಮೊದಲು ಆದದ್ದಕ್ಕೆ, ತಂದೆ ತಾಯಿ ಒಡಹುಟ್ಟಿದವರಿಗೆ ಆದದ್ದಕ್ಕೆ ತೂಕ ಜಾಸ್ತಿ.

ಹಾಗಂತ ಊದಿದ ಕಾಲೆಲ್ಲ ಹೆಪ್ಪಲ್ಲ. ಕರಾವಳಿಯಲ್ಲಿ, ಕಲಬುರಗಿ ಬೀದರ್ ಕಡೆ ಆನೆಕಾಲು ರೋಗದಿಂದ ವರ್ಷಗಟ್ಟಲೆ ಕಾಲು ಊದಿಕೊಂಡವರು ಇದ್ದರು. ಎರಡೂ ಕಾಲು ಊದಿದ್ದರೆ ಕಿಡ್ನಿಯದ್ದೋ ಹೃದಯದ್ದೋ ಇದ್ದಿರಬಹುದು. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಡಾಕ್ಟರ್ ನೋಡಿಕೊಳ್ಳುತ್ತಾರೆ, ನೀವು ಗೊತ್ತಿದ್ದಷ್ಟು ಬರೆದು ಕೊಡಿ. ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಗಡ್ಡೆಯ ಮಾಲಿಕ್ಯುಲರ್ ರಿಪೋರ್ಟ್, ಕೀಮೋಗೆ ಮೊದಲಿನ ರಕ್ತಪರೀಕ್ಷೆ, ಹಳೆಯ ಡಾಪ್ಲರ್ ಇದ್ದರೆ ಅದು, ಇವನ್ನು ಒಂದೇ ಫೈಲ್‌ನಲ್ಲಿ ಹಾಕಿ ತೆಗೆದುಕೊಂಡು ಹೋಗಿ.